ಒಂದು ಫರ್ಲಾಂಗ್ ಔಷಧ

ರೇಸ್ ಕುದುರೆಯ ಮುಂಗಾಲಿನಲ್ಲಿ ಮಂಡಿಯಿಂದ ಕೆಳಗೆ ನೆಟ್ಟಗೆ ಇಳಿಯುವ ಎಲುಬಿಗೆ ಕ್ಯಾನನ್ ಬೋನ್ ಎನ್ನುತ್ತಾರೆ. ಅದರ ಮುಂಬದಿಯಲ್ಲಿ ಚರ್ಮಕ್ಕೂ ಮೂಳೆಗೂ ನಡುವೆ ಮಾಂಸವೆಂಬುದೇ ಇಲ್ಲ. ಎರಡು ವರ್ಷದ ಕುದುರೆ ಮೊದಮೊದಲ ವೇಗದ ಓಟ ಮುಗಿಸಿದ ಮರುದಿನ ಬೆಳಿಗ್ಗೆ ಅಲ್ಲಿ ಹೆಬ್ಬೆರಳು ಒತ್ತಿದರೆ, ಎಷ್ಟೋ ಸಲ ಅದು ಥಟ್ಟನೆ ಕಾಲು ಕಿತ್ತುಕೊಳ್ಳುತ್ತದೆ. ಮುಟ್ಟಿದರೆ ಬಿಸಿ; ಪಕ್ಕದಿಂದ ನೋಡಿದರೆ ಸಣ್ಣ ಉಬ್ಬು. ಅಮೆರಿಕದ ಲಾಯಗಳಲ್ಲಿ ಇದರ ಹೆಸರು ‘ಬಕ್ಡ್ ಶಿನ್ಸ್’. ಅಲ್ಲಿ ತರಬೇತಿಗೆ ಬರುವ ಎಳೆಯ ಥರೋಬ್ರೆಡ್‌ಗಳಲ್ಲಿ ಸುಮಾರು ಶೇ 70ರಷ್ಟಕ್ಕೆ ಇದು ಬರುತ್ತದೆಂಬುದು ಪಶುವೈದ್ಯರು ಬಹುಕಾಲದಿಂದ ಹೇಳುತ್ತ ಬಂದ ಲೆಕ್ಕ. ಹತ್ತರಲ್ಲಿ ಏಳಕ್ಕೆ ಬರುವುದಾದರೆ ಅದು ಮಕ್ಕಳಿಗೆ ದಡಾರ ಬಂದಂತೆ, ಒಮ್ಮೆ ಬಂದು ಹೋಗಲಿ ಎಂದು ಹಳೆಯ ಟ್ರೇನರ್‌ಗಳು ಸಮಾಧಾನಪಟ್ಟುಕೊಳ್ಳುತ್ತಿದ್ದರು. ಆ ಸಮಾಧಾನವೇ ತಪ್ಪು. ಇದು ವಯಸ್ಸಿನ ಕಾಯಿಲೆಯಲ್ಲ, ಮೂಳೆಗೆ ತಪ್ಪು ಪಾಠ ಹೇಳಿಕೊಟ್ಟದ್ದರ ಫಲ.

ಒತ್ತಡ ಬಿದ್ದ ಕಡೆ ಮೂಳೆ ಬಲಿಯುತ್ತದೆ, ಬೀಳದ ಕಡೆ ಸವೆಯುತ್ತದೆ ಎಂದು ಜರ್ಮನಿಯ ಯೂಲಿಯಸ್ ವೋಲ್ಫ್ 1892ರಲ್ಲೇ ಹೇಳಿದ್ದ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ನ್ಯೂ ಬೋಲ್ಟನ್ ಸೆಂಟರ್‌ನಲ್ಲಿ ಡೇವಿಡ್ ನುನಮೇಕರ್ ಮತ್ತು ಸಂಗಡಿಗರು ಈ ಮಾತನ್ನು ಬದುಕಿರುವ ಕುದುರೆಯಲ್ಲೇ ಅಳೆದು ನೋಡಿದರು. ಒತ್ತಡ ಅಳೆಯುವ ಪುಟ್ಟ ಪಟ್ಟಿಯನ್ನು ಕ್ಯಾನನ್ ಎಲುಬಿಗೇ ಅಂಟಿಸಿ ಕುದುರೆಯನ್ನು ಓಡಿಸಿದರು. ಪಂದ್ಯದ ವೇಗದಲ್ಲಿ ಎಳೆಯ ಕುದುರೆಯ ಎಲುಬು ತನ್ನ ಉದ್ದದ ಸಾವಿರದಲ್ಲಿ ಐದು ಪಾಲಿನಷ್ಟು ಕುಗ್ಗುತ್ತಿತ್ತು. ಕೇಳಲು ಅಲ್ಪ, ಮೂಳೆಯ ಮಟ್ಟಿಗೆ ವಿಪರೀತ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿತ್ತು: ನಿಧಾನದ ಓಟದಲ್ಲಿ ಎಲುಬಿನ ಮೇಲೆ ಒತ್ತಡ ಬೀಳುವ ದಿಕ್ಕು ಬೇರೆ, ನಾಗಾಲೋಟದಲ್ಲಿ ಬೀಳುವ ದಿಕ್ಕೇ ಬೇರೆ. ಅಂದರೆ ತಿಂಗಳುಗಟ್ಟಲೆ ಮೈಲಿಗಟ್ಟಲೆ ಮೆಲ್ಲಗೆ ಓಡಿಸಿದ ಕುದುರೆಯ ಮೂಳೆ ಮೆಲ್ಲಗೆ ಓಡುವುದಕ್ಕಷ್ಟೇ ಸಜ್ಜಾಗಿರುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಪೂರ್ತಿ ಲಗಾಮು ಬಿಟ್ಟಾಗ, ದಪ್ಪವಾಗದೆ ಉಳಿದ ಮುಂಬದಿಗೇ ಪೆಟ್ಟು. ಗಾಬರಿಗೊಂಡ ಮೂಳೆ ಅವಸರದಲ್ಲಿ ಜಾಳುಜಾಳಾದ ಹೊಸ ಮೂಳೆಯನ್ನು ಮೇಲೆ ಮೆತ್ತಿಕೊಳ್ಳುತ್ತದೆ. ಹೆಬ್ಬೆರಳಿಗೆ ಸಿಗುವ ಉಬ್ಬು ಅದೇ.

ಹಾಗಾಗಿ ಅವರು ಸೂಚಿಸಿದ ಔಷಧ ಓಟವೇ, ಆದರೆ ಗುಟುಕಿನಷ್ಟು. ದಿನದ ನಿಧಾನದ ಓಟದ ಕೊನೆಯಲ್ಲಿ ವಾರಕ್ಕೆ ಎರಡು ಸಲ ಒಂದೇ ಒಂದು ಫರ್ಲಾಂಗ್, ಸುಮಾರು 200 ಮೀಟರ್, 15 ಸೆಕೆಂಡಿನ ಲೆಕ್ಕದಲ್ಲಿ ಓಡಿಸುವುದು. ಕೆಲವು ವಾರ ಕಳೆದ ಮೇಲೆ ಎರಡು ಫರ್ಲಾಂಗ್, ಆಮೇಲೆ ವೇಗ. ಇನ್ನೂರಕ್ಕೂ ಹೆಚ್ಚು ಎರಡು ವರ್ಷದ ಕುದುರೆಗಳ ತರಬೇತಿಯ ದಾಖಲೆ ನೋಡಿ 2000ದಲ್ಲಿ ಪ್ರಕಟವಾದ ಅಧ್ಯಯನವೂ ಇದೇ ಕಡೆ ಬೆರಳು ತೋರಿಸಿತು: ಉದ್ದದ ನಿಧಾನದ ಓಟ ಹೆಚ್ಚಾದಷ್ಟೂ ಅಪಾಯ ಹೆಚ್ಚು, ಚಿಕ್ಕ ವೇಗದ ಓಟ ಸೇರಿದಷ್ಟೂ ಕಡಿಮೆ.

ವೇಗವೇ ಮೂಳೆ ಮುರಿಯುವುದಲ್ಲವೇ ಎಂಬ ಆಕ್ಷೇಪ ಹಗುರದ್ದಲ್ಲ. ಬ್ರಿಟನ್‌ನಲ್ಲಿ ವೆರ್‌ಹೇಯನ್ ಮತ್ತು ಜೊತೆಗಾರರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 30 ದಿನಗಳೊಳಗೆ 44 ಕಿಲೋಮೀಟರಿಗಿಂತ ಹೆಚ್ಚು ಕ್ಯಾಂಟರ್ (ನಾಗಾಲೋಟಕ್ಕಿಂತ ನಿಧಾನದ ಓಟ) ಜೊತೆಗೆ 6 ಕಿಲೋಮೀಟರಿಗಿಂತ ಹೆಚ್ಚು ನಾಗಾಲೋಟ ಮಾಡಿದ ಕುದುರೆಗಳಿಗೆ ಮೂಳೆ ಮುರಿತದ ಅಪಾಯ ಎದ್ದು ಕಂಡಿತು. ಆದರೆ ವಾರಕ್ಕೆರಡು ಫರ್ಲಾಂಗ್ ಎಂದರೆ ತಿಂಗಳಿಗೆ ಎರಡು ಕಿಲೋಮೀಟರೂ ಆಗುವುದಿಲ್ಲ. ಇಲ್ಲಿ ಜಗಳ ವೇಗದ ಜೊತೆಗಲ್ಲ, ಪ್ರಮಾಣದ ಜೊತೆಗೆ. ಉಪ್ಪು ಬೇಕು ಎಂದವನಿಗೆ ಡಬ್ಬಿ ಸುರಿಯಲು ಯಾರೂ ಹೇಳಿಲ್ಲ.

ಇನ್ನು ವಿಶ್ರಾಂತಿಯ ಪಕ್ಷಪಾತಿಗಳು. ನೋವಿರುವ ಕುದುರೆಯನ್ನು ನಿಲ್ಲಿಸಲೇಬೇಕು, ಐಸ್ ಇಡಬೇಕು, ಊತ ಇಳಿಸಬೇಕು. ನೋವಿನ ಔಷಧ ಕೊಟ್ಟು ಓಡಿಸುವುದಂತೂ ಪಾಪ. ಬಕ್ಡ್ ಶಿನ್ಸ್ ಬಂದವುಗಳಲ್ಲಿ ಸುಮಾರು ಶೇ 12ಕ್ಕೆ ಮುಂದೆ ಅದೇ ಎಲುಬಿನಲ್ಲಿ ಬಿರುಕು ಕಾಣಿಸಿಕೊಳ್ಳುತ್ತದೆ, ಆಗ ಮೂಳೆಗೆ ಸಣ್ಣ ತೂತು ಕೊರೆಯುವ ಇಲ್ಲವೇ ಸ್ಕ್ರೂ ಹಾಕುವ ಶಸ್ತ್ರಚಿಕಿತ್ಸೆಯವರೆಗೂ ಹೋಗಬೇಕಾಗುತ್ತದೆ. ಹಿಂದೆ ನಮ್ಮ ಹಳ್ಳಿಗಳಲ್ಲಿ ಎತ್ತಿಗೆ ಬರೆ ಹಾಕುತ್ತಿದ್ದಂತೆ ಅಮೆರಿಕದ ಲಾಯಗಳಲ್ಲೂ ಕಾದ ಸೂಜಿಯಿಂದ ಎಲುಬಿನ ಮೇಲೆ ಸಾಲುಸಾಲು ಚುಕ್ಕೆ ಬರೆ ಇಡುತ್ತಿದ್ದರು. ಸುಟ್ಟ ಗಾಯ ಮಾಯುವವರೆಗೆ ಕುದುರೆ ಲಾಯದಲ್ಲೇ. ಗುಣವಾದದ್ದು ಬಿಡುವಿನಿಂದ, ಹೆಸರು ಬಂದದ್ದು ಬರೆಗೆ. ಆದರೆ ಬಿಡುವು ಉದ್ದವಾದರೆ ಅದೂ ತಿರುಗಿ ಬೀಳುತ್ತದೆ. ಕೆಲಸವಿಲ್ಲದ ಮೂಳೆ ತೆಳುವಾಗುತ್ತದೆ. ಎರಡು ತಿಂಗಳು ಅಥವಾ ಹೆಚ್ಚು ಕಾಲ ಬಿಡುವಿನಲ್ಲಿದ್ದು ಮರಳಿದ ಕುದುರೆಗಳಲ್ಲಿ ಮುಂಗಾಲಿನ ತೋಳೆಲುಬು ಮುರಿಯುವ ಅಪಾಯ ಹೆಚ್ಚೆಂದು ಕ್ಯಾಲಿಫೋರ್ನಿಯಾದ ಸಂಶೋಧಕರು 1998ರಲ್ಲಿ ತೋರಿಸಿದರು.

ಹಾಗಾದರೆ ಎರಡು ವರ್ಷಕ್ಕೆ ಓಡಿಸುವುದನ್ನೇ ನಿಲ್ಲಿಸಿದರೆ? ಮನಸ್ಸಿಗೆ ಹಿತವೆನಿಸುವ ಸಲಹೆ. ಆದರೆ ನ್ಯೂಜಿಲೆಂಡಿನ ದಾಖಲೆಗಳ ಪ್ರಕಾರ ಎರಡು ವರ್ಷಕ್ಕೇ ತರಬೇತಿಗೆ ಬಂದ ಕುದುರೆಗಳು ಹೆಚ್ಚು ಕಾಲ ಓಡಿವೆ. ಗಟ್ಟಿ ಕುದುರೆಗಳೇ ಬೇಗ ಕಣಕ್ಕಿಳಿದಿರಬಹುದು ಎಂಬ ಅನುಮಾನ ಇಲ್ಲಿ ನ್ಯಾಯವೇ. ಆದರೂ ಬೆಳೆಯುವ ಮೂಳೆ ಬಲಿತ ಮೂಳೆಗಿಂತ ಚೆನ್ನಾಗಿ ಕಲಿಯುತ್ತದೆ ಎಂಬುದು ತಳ್ಳಿಹಾಕುವ ಮಾತಲ್ಲ. ಅಡ್ಡಿಯಿರುವುದು ವಯಸ್ಸಿಗಿಂತ ಹೆಚ್ಚಾಗಿ ಸಂತೆಯಲ್ಲಿ. ಫ್ಲಾರಿಡಾದ ಒಕಾಲಾದಲ್ಲಿ ವಸಂತದ ಹರಾಜಿಗೆ ಮುನ್ನ ಎರಡು ವರ್ಷದ ಕುದುರೆಗಳು ಖರೀದಿದಾರರ ಮುಂದೆ ಒಂದು ಫರ್ಲಾಂಗನ್ನು ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಓಡಿ ತೋರಿಸಬೇಕು. ಅರೆ ಸೆಕೆಂಡಿನ ಅಂತರಕ್ಕೆ ಬೆಲೆ ಏರಿಳಿಯುತ್ತದೆ. ಫರ್ಲಾಂಗ್ ಅದೇ, ಅವಸರ ಬೇರೆ. ಅಲ್ಲಿ ಎಲ್ಲ ಥರೋಬ್ರೆಡ್‌ಗಳ ಹುಟ್ಟುಹಬ್ಬವೂ ಕಾಗದದ ಮೇಲೆ ಜನವರಿ 1. ಮೇ ತಿಂಗಳಲ್ಲಿ ಹುಟ್ಟಿದ ಮರಿ ಆ ಹರಾಜಿನ ಹೊತ್ತಿಗೆ ನಿಜವಾದ ಎರಡು ವರ್ಷವನ್ನೂ ತುಂಬಿರುವುದಿಲ್ಲ.