ಕರೆಂಟಿನ ಸರದಿ, ನಿದ್ದೆಯ ಸಾಲ

ಅಥಣಿ ತಾಲ್ಲೂಕಿನ ಸತ್ತಿ ಕೃಷ್ಣಾ ದಂಡೆಯ ಊರು. ಇಲ್ಲಿನ ಕಬ್ಬಿಗೆ ನೀರು ಹಾಯಿಸಲು ತ್ರೀಫೇಸ್ ಕರೆಂಟು ಬೇಕು. ಅದು ಸರದಿಯ ಮೇಲೆ ಬರುತ್ತದೆ. ಸರದಿ ರಾತ್ರಿಗೆ ಬಿದ್ದರೆ ಬ್ಯಾಟರಿ ಹಿಡಿದು, ಹಾವಿಗೆ ಅಂಜುತ್ತಲೇ ಹೊಲಕ್ಕೆ ಹೋಗುವುದು ಈ ಭಾಗದ ರೈತರಿಗೆ ಹೊಸದಲ್ಲ.

ಮೊಬೈಲ್ ಸ್ಟಾರ್ಟರ್ ಬಂದ ಮೇಲೆ ಮನೆಯಿಂದಲೇ ಮೋಟಾರು ಚಾಲೂ ಮಾಡಬಹುದು. ಕಾಲಿಗೆ ವಿಶ್ರಾಂತಿ ಸಿಕ್ಕಿತು, ಕಣ್ಣಿಗಲ್ಲ. ಕರೆಂಟು ಬಂತೇ ಎಂದು ನೋಡಲು ಎತ್ತಿಕೊಂಡ ಫೋನಿನಲ್ಲಿ ಒಂದರ ಹಿಂದೊಂದು ವಿಡಿಯೊ ಓಡುತ್ತವೆ.

ದೇಹಕ್ಕೂ ಒಂದು ಗಡಿಯಾರವಿದೆ. ಅದರ ಗುಟ್ಟು ಬಿಡಿಸಿದ ಹಾಲ್, ರಾಸ್‌ಬಾಶ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಸಂದಿತು. ಕತ್ತಲಾದಂತೆ ಮಿದುಳಿನಲ್ಲಿ ಒಸರುವ ಮೆಲಟೋನಿನ್ ನಿದ್ದೆಗೆ ಅಣಿಗೊಳಿಸುತ್ತದೆ. ಬೆಳಕು, ಅದರಲ್ಲೂ ನೀಲಿ ಬೆಳಕು, ಅದನ್ನು ತಡೆಯುತ್ತದೆ. ವಯಸ್ಕರಿಗೆ ಕನಿಷ್ಠ 7 ತಾಸು ನಿದ್ದೆ ಬೇಕು.

ಫೋನನ್ನು ಹಾಸಿಗೆಯಿಂದ ದೂರ, ಪಡಸಾಲೆಯಲ್ಲಿಡಿ. ಗಂಟೆ ಕೇಳಿದರೆ ಸಾಕು. ಸಂಜೆಯ ಮೇಲೆ ಚಹಾ ಬೇಡ. ಸರದಿ ಇಲ್ಲದ ದಿನಗಳಲ್ಲಿ ಏಳುವ ಹೊತ್ತು ಒಂದೇ ಇರಲಿ. ವಾರಕ್ಕೆ 3 ರಾತ್ರಿಯಂತೆ 3 ತಿಂಗಳು ನಿದ್ದೆಗೆಟ್ಟರೆ ಅದು ಕಾಯಿಲೆಯೇ. ತಾವೇ ಮಾತ್ರೆ ಕೊಳ್ಳದೆ ವೈದ್ಯರನ್ನು ಕಾಣಿರಿ. ಆದರೆ ಹಗಲು ಕರೆಂಟು ಸಿಗುವವರೆಗೆ ರೈತನ ಅರ್ಧ ಮದ್ದು ವೈದ್ಯರ ಕೈಯಲ್ಲಿಲ್ಲ.