ಎರಡು ಎತ್ತು ಹೆಚ್ಚಾದರೆ ಠಾಣೆಯ ಅಧಿಕಾರವೆಷ್ಟು?

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ತೊಂಡೇಬಾವಿ ಕಡೆಯ ರೈತರು ಹಿಂದೆ ಎತ್ತುಗಳನ್ನು ನಡೆಸಿಕೊಂಡೇ ಹೋಗುತ್ತಿದ್ದರು. ಈಗ ಟೆಂಪೊ, ಲಾರಿಗಳು ಬಂದಿವೆ. ಅಂಥದೊಂದು ಲಾರಿಯನ್ನು ಪೊಲೀಸರು ದಾರಿಯಲ್ಲಿ ತಡೆದರೆನ್ನೋಣ. ಒಳಗೆ ಎಂಟು ಎತ್ತುಗಳಿವೆ. 1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ ಸರಕು ವಾಹನದಲ್ಲಿ ಆರಕ್ಕಿಂತ ಹೆಚ್ಚು ದನಗಳನ್ನು ತುಂಬುವಂತಿಲ್ಲ. ಪಶುವೈದ್ಯರ ಪ್ರಮಾಣಪತ್ರವೂ ಇರಬೇಕು. ತಪ್ಪು ನಡೆದಿರುವುದು ನಿಜ. ಆದರೆ ಅಷ್ಟಕ್ಕೇ ರೈತನನ್ನು ರಾತ್ರಿಯಿಡೀ ಠಾಣೆಯಲ್ಲಿ ಕೂರಿಸಬಹುದೇ?

ಉತ್ತರ ಇರುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಲ್ಲಿ. ನೃತ್ಯ ಕಲಾವಿದೆ ರುಕ್ಮಿಣೀದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯೇ ಇದಕ್ಕೆ ಪ್ರೇರಣೆ. ಹೊಡೆಯುವುದು, ಅತಿಭಾರ ಹೇರುವುದು, ನೋವಾಗುವಂತೆ ಸಾಗಿಸುವುದು ಇವೆಲ್ಲ ಇದರ 11ನೇ ಕಲಮಿನಲ್ಲಿ ಬರುತ್ತವೆ. ಮೊದಲ ತಪ್ಪಿಗೆ ಕಾಯ್ದೆ ಗೊತ್ತುಮಾಡಿದ ದಂಡ 10ರಿಂದ 50 ರೂಪಾಯಿ.

ದಂಡಕ್ಕಿಂತ ಮುಖ್ಯವಾದುದು 31ನೇ ಕಲಮು. ಪ್ರಾಣಿಯನ್ನು ಅಂಗಹೀನಗೊಳಿಸುವುದು, ಕ್ರೂರವಾಗಿ ಕೊಲ್ಲುವುದು, ಪ್ರಾಣಿಗಳ ಕಾಳಗ ಏರ್ಪಡಿಸುವುದು ಮುಂತಾದ ಕೆಲವನ್ನು ಮಾತ್ರ ಅದು ಸಂಜ್ಞೇಯ ಅಪರಾಧವೆನ್ನುತ್ತದೆ. ಮಿಕ್ಕವು ಅಸಂಜ್ಞೇಯ. ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ವಾರಂಟ್ ಇಲ್ಲದೆ ಬಂಧಿಸುವಂತೆಯೂ ಇಲ್ಲ. ಹೆಸರು, ವಿಳಾಸ ಹೇಳಲು ನಿರಾಕರಿಸಿದವನ ಮಾತು ಬೇರೆ. ಹತ್ಯೆಗಾಗಿ ಜಾನುವಾರು ಸಾಗಿಸಿದ ಆರೋಪಕ್ಕೆ ರಾಜ್ಯದ 2020ರ ಕಾಯ್ದೆ ಪ್ರತ್ಯೇಕವಾಗಿದೆ. ಅದರ ಕಟ್ಟಳೆಗಳು ಇನ್ನೂ ಬಿಗಿ. ಆದಕಾರಣ ‘ಯಾವ ಕಾಯ್ದೆ, ಯಾವ ಕಲಮು?’ ಎಂಬುದೇ ರೈತ ಕೇಳಬೇಕಾದ ಮೊದಲ ಪ್ರಶ್ನೆ.

ಎತ್ತುಗಳ ಗತಿಯೇನು? ಪೇದೆಗಿಂತ ಮೇಲಿನ ದರ್ಜೆಯ ಪೊಲೀಸ್ ಅಧಿಕಾರಿ ಅಗತ್ಯವೆನಿಸಿದರೆ ಪ್ರಾಣಿಯನ್ನು ವಶಕ್ಕೆ ತೆಗೆದುಕೊಳ್ಳಬಹುದು. ಆದರೆ ಅದನ್ನು ತಪಾಸಣೆಗಾಗಿ ಸಮೀಪದ ಮ್ಯಾಜಿಸ್ಟ್ರೇಟ್ ಇಲ್ಲವೇ ಪಶುವೈದ್ಯಾಧಿಕಾರಿಯ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ 34ನೇ ಕಲಮು. ಠಾಣೆಯ ಹಿತ್ತಲಲ್ಲಿ ಕಟ್ಟಿಹಾಕಿ, ಕೈಬಿಸಿ ಮಾಡಿದ ಮೇಲೆ ಬಿಡುವುದಕ್ಕೆ ಕಾನೂನಿನಲ್ಲಿ ಎಡೆಯಿಲ್ಲ. ಮೊಕದ್ದಮೆ ಮುಗಿಯುವವರೆಗೆ ಎತ್ತುಗಳನ್ನು ಗೋಶಾಲೆಗೆ ಕಳಿಸಿದರೆ, 2017ರ ನಿಯಮಗಳಂತೆ ಮೇವಿನ ಖರ್ಚು ಮಾಲೀಕನ ತಲೆಗೇ ಬರುತ್ತದೆ. 50 ರೂಪಾಯಿಯ ತಪ್ಪಿಗೆ ಉಳುಮೆಯೇ ನಿಂತುಹೋಗುವ ಅಪಾಯ ಇರುವುದು ಇಲ್ಲಿ. ಆದರೆ ಮಾಲೀಕತ್ವವನ್ನೇ ಕಸಿಯಲು ಮೊದಲು ಅಪರಾಧ ಸಾಬೀತಾಗಬೇಕು.

ಇದೇ ಕಾನೂನು ಎತ್ತಿನ ಪರವಾಗಿ ದೂರು ಕೊಡುವವನನ್ನೂ ಕಾಯುತ್ತದೆ. ‘ಇದೂ ಒಂದು ಕೇಸೇ?’ ಎಂದು ಅವನನ್ನು ಸಾಗಹಾಕುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 174ನೇ ಕಲಮಿನಂತೆ ದೂರಿನ ಸಾರಾಂಶವನ್ನು ಠಾಣೆಯ ಪುಸ್ತಕದಲ್ಲಿ ದಾಖಲಿಸಿ, ದೂರುದಾರನನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳಿಸಬೇಕು. ಅವನು ನೇರವಾಗಿಯೂ ಅಲ್ಲಿಗೆ ಹೋಗಬಹುದು. ಆದರೆ ತಡಮಾಡಬಾರದು: ಈ ಕಾಯ್ದೆಯಡಿ ಮೊಕದ್ದಮೆ ಹೂಡಲು ಇರುವ ಗಡುವು ಮೂರೇ ತಿಂಗಳು. ಪೆಟ್ಟು ತಿಂದ ಎತ್ತು ಸತ್ತರೆ ಅಥವಾ ಊನವಾದರೆ, ಅದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಂತೆ ಐದು ವರ್ಷಗಳವರೆಗೆ ಸಜೆಯಾಗಬಹುದಾದ ಸಂಜ್ಞೇಯ ಅಪರಾಧ. ಆಗ ಠಾಣೆ ಎಫ್‌ಐಆರ್ ದಾಖಲಿಸಲೇಬೇಕು.

ಮ್ಯಾಜಿಸ್ಟ್ರೇಟರ ಅನುಮತಿ ಬರೀ ಮೊಹರಿನ ಕೆಲಸವಲ್ಲ. ಅಸಂಜ್ಞೇಯ ಅಪರಾಧದ ಮತ್ತೊಂದು ಮೊಕದ್ದಮೆಯಲ್ಲಿ ಕರ್ನಾಟಕ ಹೈಕೋರ್ಟ್ 2019ರಲ್ಲಿ ಇದನ್ನು ಬಿಡಿಸಿ ಹೇಳಿತು. ಪೊಲೀಸರ ಕೋರಿಕೆಯ ಮೇಲೆ ‘ಅನುಮತಿಸಿದೆ’ ಎಂದು ಗೀಚಿದರೆ ಸಾಲದು, ವಿಚಾರಮಾಡಿ ಕಾರಣಸಹಿತ ಆದೇಶ ಬರೆಯಬೇಕು ಎಂದಿತು. ಈ ಕ್ರಮ ತಪ್ಪಿದರೆ ಮೊಕದ್ದಮೆಯೇ ಬಿದ್ದುಹೋಗಬಹುದು. ಆಗ ನಿಜವಾಗಿ ಹಿಂಸೆ ಮಾಡಿದವನೂ ಪಾರಾಗುತ್ತಾನೆ.

ಠಾಣೆ ಎಡವಿದಾಗ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಲಿಖಿತ ದೂರು ಕೊಡಬಹುದು. ಜಪ್ತಿ ಮಹಜರಿನ ಪ್ರತಿ, ಹಿಡಿದ ದಿನ, ಹೊತ್ತು, ಅಧಿಕಾರಿಯ ಹೆಸರು ಕೈಯಲ್ಲಿದ್ದರೆ ದೂರಿಗೆ ಬಲ ಬರುತ್ತದೆ. ಮಾತು ಬಾರದ ಎತ್ತಿನ ಪರವಾಗಿ ಹುಟ್ಟಿದ ಕಾನೂನು ಇದು. ಅದನ್ನು ನೆಟ್ಟಗೆ ನಡೆಸಿದರೆ ಎತ್ತೂ ಉಳಿಯುತ್ತದೆ, ಅದನ್ನು ನಂಬಿದ ಮನೆಯೂ ಉಳಿಯುತ್ತದೆ.