ಉಪ್ಪಿನ ಗೆರೆ ಓದುವವರು

“ಗಾಡಿ ನೀರ ಕುಡ್ಯಾಕತ್ತೈತ್ರಿ ಉಸ್ತಾದ. ಕೆಳಗ ನೋಡಿದ್ರ ಒಂದ ಹನಿನೂ ಇಲ್ಲ.”

ವಿಜಯಪುರದ ಲಾರಿ ಗ್ಯಾರೇಜುಗಳಲ್ಲಿ ಬೇಸಿಗೆ ಉದ್ದಕ್ಕೂ ಕೇಳಿಬರುವ ದೂರು ಇದು. ಟಿಕೋಟಾ ಸೀಮೆಯ ಶೆಡ್ಡುಗಳಿಂದ ಒಣದ್ರಾಕ್ಷಿ ನಗರದ ಮಾರುಕಟ್ಟೆಗೂ ಗಡಿಯಾಚೆಯ ತಾಸಗಾಂವಕ್ಕೂ ಹೊರಡುವ ಕಾಲ ಅದು. ಬಬಲೇಶ್ವರದ ಕಡೆ ಕಬ್ಬು ಹೊತ್ತ ಗಾಡಿಗಳು ಹಂಗಾಮು ಮುಗಿಸಿ ದುರಸ್ತಿಗೆ ಬರುವ ಕಾಲವೂ ಹೌದು. ಬಿಸಿಲು 40 ಡಿಗ್ರಿ ದಾಟಿರುತ್ತದೆ. ಇಪ್ಪತ್ತು ವರ್ಷ ದುಡಿದ ಲಾರಿಯೊಂದು ದಿನಕ್ಕೆರಡು ಬಾಟಲಿ ನೀರನ್ನು ಎಲ್ಲಿ ಕಳೆದುಕೊಳ್ಳುತ್ತಿದೆ ಎಂದು ಪತ್ತೆಹಚ್ಚುವ ಮಿಸ್ತ್ರಿಗಳನ್ನು ಮಾಲಕರು ಓಣಿ ಓಣಿ ಕೇಳಿಕೊಂಡು ಬರುತ್ತಾರೆ.

ಹನಿ ಕಾಣದಿರುವುದಕ್ಕೆ ಕಾರಣ ಸರಳ. ಓಡುತ್ತಿರುವ ಎಂಜಿನ್ನಿನ ಮೈ ಕಾದ ಹಂಚಿನಂತಿರುತ್ತದೆ. ಕೂದಲೆಳೆಯಷ್ಟು ಸಂದಿನಿಂದ ಜಿನುಗಿದ ಕೂಲಂಟ್ ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ. ಆದರೆ ಈ ನೆಲದ ನೀರು ಗುರುತು ಬಿಡದೆ ಹೋಗುವುದಿಲ್ಲ. ಇಲ್ಲಿ ಬಹಳಷ್ಟು ಕಡೆ ಕೊಳವೆಬಾವಿಯ ನೀರು ಸವುಳು. ಡೋಣಿ ನದಿಯಂತೂ ಉಪ್ಪುನೀರಿಗೇ ಹೆಸರಾದದ್ದು. ದಾರಿಯಲ್ಲಿ ಗಾಡಿ ಕಾದಾಗ ಚಾಲಕ ಕೈಗೆ ಸಿಕ್ಕ ನೀರನ್ನೇ ರೇಡಿಯೇಟರಿಗೆ ಸುರಿಯುತ್ತಾನೆ. ಬಚ್ಚಲ ಹಂಡೆಯ ಒಳಗೆ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಕೊಳವೆಗಳಲ್ಲೂ ಕಟ್ಟುತ್ತದೆ, ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ಲಾರಿಯನ್ನು ಕೆಡಿಸಿದ ಆ ಉಪ್ಪೇ ಮಿಸ್ತ್ರಿಗೆ ಸಾಕ್ಷಿ. ನೀರು ಆರಿಹೋದ ಜಾಗದಲ್ಲಿ ವಿಭೂತಿ ಎಳೆದಂಥ ತೆಳ್ಳನೆಯ ಗೆರೆ ಉಳಿದಿರುತ್ತದೆ. ಬಣ್ಣದ ಕೂಲಂಟ್ ಹಾಕಿದ್ದರೆ ಗೆರೆಯ ಅಂಚು ಹಸಿರೋ ಗುಲಾಬಿಯೋ ಆಗಿರುತ್ತದೆ.

ಅನುಭವಿ ಮಿಸ್ತ್ರಿ ಸಂಜೆ ಬಂದ ಗಾಡಿಯನ್ನು ಕೂಡಲೇ ಬಿಚ್ಚುವುದಿಲ್ಲ. “ರಾತ್ರಿ ಇಲ್ಲೇ ನಿಲ್ಲಸ್ರಿ, ಮುಂಜಾನೆ ನೋಡೂಣು” ಎನ್ನುತ್ತಾನೆ. ಕೆಳಗೊಂದು ಹಳೆಯ ರಟ್ಟು ಹಾಸಿಡುತ್ತಾನೆ. ಲೋಹ ತಣ್ಣಗಾದಾಗ ಕುಗ್ಗುತ್ತದೆ. ಬಿಸಿಯಲ್ಲಿ ಬಿಗಿಯಾಗಿದ್ದ ಜೋಡಣೆ ನಸುಕಿನಲ್ಲಿ ಸಡಿಲಾಗಿ ಹನಿಸುವುದುಂಟು. ಬೆಳಿಗ್ಗೆ ಬ್ಯಾಟರಿ ಹಿಡಿದು ಮೊದಲು ನೋಡುವುದು ಹೋಸ್ ಪೈಪಿನ ಕ್ಲಿಪ್ಪುಗಳನ್ನು. ಆಮೇಲೆ ವಾಟರ್ ಪಂಪಿನ ಹೊಟ್ಟೆಯಡಿ ಇರುವ ಸಣ್ಣ ತೂತಿಗೆ ಬೆರಳಾಡಿಸುತ್ತಾನೆ. ಆ ತೂತು ಬೇಕೆಂದೇ ಇಟ್ಟದ್ದು: ಒಳಗಿನ ಸೀಲ್ ಸವೆದರೆ ನೀರು ಬೇರಿಂಗಿಗೆ ಹೋಗದೆ ಹೊರಬರಲಿ ಎಂದು. ಅದಕ್ಕೆ ಎಂಸೀಲ್ ಮೆತ್ತಿ ಮುಚ್ಚುವವರಿದ್ದಾರೆ. ಅದು ದುರಸ್ತಿಯಲ್ಲ, ನಾಲ್ಕು ದಿನದಲ್ಲಿ ಬೇರಿಂಗ್ ಹಿಡಿದು ಲಾರಿ ನಡುದಾರಿಯಲ್ಲಿ ನಿಲ್ಲುತ್ತದೆ.

ರೇಡಿಯೇಟರಿನ ಮುಚ್ಚಳವನ್ನು ಕಡೆಗಣಿಸುವವರೇ ಹೆಚ್ಚು. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ವಿಜಯಪುರದಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ. 0.9 ಬಾರ್ ಒತ್ತಡ ಹಿಡಿಯುವ ಮುಚ್ಚಳ ಅದನ್ನು 118ರ ಹತ್ತಿರ ಒಯ್ಯುತ್ತದೆ. ಮುಚ್ಚಳದ ರಬ್ಬರ್ ಒಣಗಿದರೆ ಎಲ್ಲೂ ಸೋರಿಕೆಯಿಲ್ಲದೆಯೇ ನೀರು ಕುದಿದು ಹೊರಗೆ ಹೋಗುತ್ತದೆ. ನಗರದಲ್ಲಿ ಅಲ್ಲಲ್ಲಿ ನಿಂತಿರುವ ಆದಿಲ್‌ಶಾಹಿ ಕಾಲದ ಗಂಜ್‌ಗಳನ್ನು ಕಂಡಾಗಲೆಲ್ಲ ನನಗೆ ಈ ಮುಚ್ಚಳ ನೆನಪಾಗುತ್ತದೆ. ತೊರವಿಯ ಕಡೆಯಿಂದಲೂ 1651ರ ಬೇಗಂ ತಲಾಬಿನಿಂದಲೂ ನೆಲದಡಿ ಬರುತ್ತಿದ್ದ ನೀರಿನ ಒತ್ತಡ ತಗ್ಗಿಸಿ ಮಣ್ಣಿನ ಕೊಳವೆಗಳು ಒಡೆಯದಂತೆ ಕಾಯಲೆಂದು ಕಟ್ಟಿದ ಗೋಪುರಗಳವು. ಕೊಳವೆಯೊಳಗಿನ ನೀರಿನ ಸಿಟ್ಟು ಈ ಊರಿಗೆ ಹೊಸದಲ್ಲ.

ಹೊರಗೆಲ್ಲ ಒಣಗಿದ್ದರೆ ಮುಂದಿನದು ಪ್ರೆಶರ್ ಪಂಪ್. ತಣ್ಣಗಿರುವ ರೇಡಿಯೇಟರನ್ನು ತುಂಬ ತುಂಬಿಸಿ, ಬಾಯಿಗೆ ಕೈಪಂಪು ಕೂರಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಏರಿಸುತ್ತಾರೆ. ಹದಿನೈದು ನಿಮಿಷ ಗ್ಯಾರೇಜಿನಲ್ಲಿ ಯಾರೂ ಮಾತಾಡುವುದಿಲ್ಲ. ಪಂಪಿನ ಮುಳ್ಳು ಇಳಿದು, ಹೊರಗೆ ಹನಿಯೂ ಕಾಣದಿದ್ದರೆ ನೀರು ಎಂಜಿನ್ನಿನ ಒಳಗೇ ಹೋಗುತ್ತಿರಬಹುದು. ಆಗ ಕೆಳಗಿನ ಆಯಿಲ್ ಬೋಲ್ಟನ್ನು ಮೆಲ್ಲಗೆ ಅರ್ಧ ಸುತ್ತು ಸಡಿಲಿಸುತ್ತಾರೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಎಣ್ಣೆಗಿಂತ ಭಾರವಾದ ನೀರು ತಳಕ್ಕಿಳಿದಿರುತ್ತದೆ, ಮೊದಲು ಅದೇ ಬರುತ್ತದೆ. ನೋಜಲ್ ತೆಗೆದು ಸೆಲ್ಫ್ ಹೊಡೆದಾಗ ಯಾವ ಸಿಲಿಂಡರಿನಿಂದ ನೀರು ಚಿಮ್ಮಿತೋ ದೋಷ ಅಲ್ಲಿ. ಇಷ್ಟು ನೋಡದೆ ಅವಸರದಲ್ಲಿ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಏಕೆಂದರೆ ನೀರು ಗಾಳಿಯಂತೆ ಅದುಮಿಸಿಕೊಳ್ಳುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಏರ್ ಬ್ರೇಕಿನ ಕಂಪ್ರೆಸರ್. ಹಲವು ಲಾರಿಗಳಲ್ಲಿ ಅದರ ತಲೆಯನ್ನೂ ಎಂಜಿನ್ನಿನ ನೀರೇ ತಂಪು ಮಾಡುತ್ತದೆ. ಅದರ ಗ್ಯಾಸ್ಕೆಟ್ ಸೀಳಿದರೆ ಗಾಳಿ ನೀರಿಗೆ ನುಗ್ಗಿ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತವೆ. ನೋಡಿದವರು ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಎಂಜಿನ್ನನ್ನೇ ಬಿಚ್ಚುತ್ತಾರೆ; ಮಾಲಕನ ಒಂದು ಹಂಗಾಮಿನ ದುಡಿಮೆ ಅಲ್ಲೇ ಕರಗುತ್ತದೆ. ಬಲ್ಲವರು ಮೊದಲು ಏರ್ ಟ್ಯಾಂಕಿನ ಕೆಳಗಿನ ಡ್ರೇನ್ ತೆರೆದು ನೋಡುತ್ತಾರೆ. ಗಾಳಿಯ ತೇವದ ನೀರು ಅಲ್ಲಿ ಇದ್ದೇ ಇರುತ್ತದೆ. ಅದರಲ್ಲಿ ಕೂಲಂಟಿನ ಬಣ್ಣ, ಸಿಹಿ ವಾಸನೆ ಇದ್ದರೆ ಎಂಜಿನ್ ಉಳಿಯಿತು. ನಾಲಿಗೆಗೆ ಹಚ್ಚಿ ನೋಡುವ ಹಳೇ ಚಾಳಿ ಮಾತ್ರ ಬೇಡವೇ ಬೇಡ; ಕೂಲಂಟಿನ ಎಥಿಲೀನ್ ಗ್ಲೈಕಾಲ್ ವಿಷ.

ರಿಪೇರಿ ಮುಗಿದ ಮೇಲೆ ಮಿಸ್ತ್ರಿ ತಂತಿ ಬ್ರಷ್ಷಿನಿಂದ ಹಳೆಯ ಬಿಳಿ ಗೆರೆಗಳನ್ನೆಲ್ಲ ಉಜ್ಜಿ ತೆಗೆಯುತ್ತಾನೆ. ಚಾಲಕನ ಕೈಗೆ ಕೂಲಂಟ್ ಬೆರೆಸಿದ, ಸವುಳಿಲ್ಲದ ನೀರಿನ ಕ್ಯಾನು ಕೊಡುತ್ತಾನೆ. ಎಂಟು ದಿನದ ನಂತರ, ಟಿಕೋಟಾದಿಂದ ನಾಲ್ಕು ಖೇಪು ಮುಗಿಸಿ ಗಾಡಿ ಬಂದಾಗ, ಮತ್ತೆ ಬ್ಯಾಟರಿ ಹಿಡಿದು ಅದರಡಿ ಮಲಗುತ್ತಾನೆ, ಹೊಸ ಗೆರೆ ಮೂಡಿದೆಯೋ ಎಂದು ನೋಡಲು.